ಭೂಮಿತಾಯಿಯ ಬಯಕೆಯೂಟ

ಹೊಸದಾಗಿ ಒಂದು ಸೀಮೆಗೆ ಹೋದವನು ಆ ಸೀಮೆಯ ಹಬ್ಬದ ಎಲೆಯ ಮುಂದೆ ಕುಳಿತಾಗ ಅವನಿಗೆ ಎರಡು ಬಗೆಯ ಸಂಕೋಚಗಳು ಉಂಟಾಗುವುವು. ಬಡಿಸಿದ ಪದಾರ್ಥದ ಹೆಸರೇನೆಂಬುದು ಒಂದು. ಅದನ್ನು ಯಾವಾಗ, ಯಾರ ತರುವಾಯ ಬಾಯಿಗೆ ಇಡಬೇಕೆಂಬುದು ಮತ್ತೊಂದು. ಮೊದಲನೆಯ ಸಂಕೋಚವು ಯಾರನ್ನಾದರೂ ಕೇಳಿದರೆ ತೀರುವುದು. ಎರಡನೆಯದು ಒಂದು ತಪ್ಪನ್ನು ಮಾಡಿದ ಹೊರತು ತೀರುವಂತಿಲ್ಲ. ಅಂಥದೊಂದು ತಪ್ಪಿನಿಂದ ನಾವು ಕಲಿತ ಸಂಗತಿಯನ್ನೂ, ಆ ಸಂಗತಿಗೆ ಆಧಾರವಾದ ಹಬ್ಬದ ಸ್ವರೂಪವನ್ನೂ ಈ ಹೊತ್ತು ಶ್ರೋತೃಗಳಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿದ್ದೇವೆ. ಹಬ್ಬದ ಹೆಸರು ಭೂಮಿಹುಣ್ಣಿಮೆ. ಅದು ವಿಶೇಷ ಸಂಭ್ರಮದಿಂದ ನಡೆಯುವ ಸೀಮೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನೊಳಗೊಂಡ ಮಲೆನಾಡು.

ನಾವು ಹುಟ್ಟಿ ಬೆಳೆದದ್ದು ತುಮಕೂರಿನ ಕಡೆಯ ಬಯಲುಸೀಮೆಯಲ್ಲಿ. ವರ್ಷಕ್ಕೆ ಇಪ್ಪತ್ತೈದು ಮೂವತ್ತು ಅಂಗುಲ ಮಳೆ ಬಿದ್ದರೆ ನಮ್ಮವರು ಆಕಾಶಕ್ಕೆ ಕೈಮುಗಿಯುವರು. ಕಾಲೇಜಿನ ಅಧ್ಯಾಪಕವೃತ್ತಿಯ ನಿಮಿತ್ತ ಸಾಗರಕ್ಕೆ ಬಂದು ನೆಲಸಿದಾಗ, ಕಡಲನ್ನು ದಾಟದೆಯೂ ಮಾತೃಭಾಷೆಯನ್ನು ಬಿಡದೆಯೂ ಮನುಷ್ಯನು ಪರದೇಶಕ್ಕೆ ಹೋಗಬಹುದೆಂಬುದು ನಮಗೆ ಅನುಭವಕ್ಕೆ ಬಂದಿತು. ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು ೩೦೦ ಅಂಗುಲ ಮಳೆ ಸುರಿಯುವುದು. ರಾಗಿಯ ಮುದ್ದೆಗೆ ಒಗ್ಗಿದ ನಮ್ಮ ಹೊಟ್ಟೆಯು ಕುಸುಬಲಕ್ಕಿಯ ಗಂಜಿಗೆ ಒಗ್ಗಬೇಕಾಯಿತು. ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣಿಗೆ ಹೊಸದೆನಿಸಿದ್ದು ಮನೆಗಳ ಬೀಡು. ನಮ್ಮ ಸೀಮೆಯಲ್ಲಿ ಊರೆಂದರೆ ಒಂದಕ್ಕೊಂದು ಒತ್ತಿಕೊಂಡ ಮನೆಗಳ ಗುಂಪು. ಹೊಲವು ಊರ ಹೊರಗೆ ಇರುವುದು. ಮಲೆನಾಡಿನಲ್ಲಿಯೋ ಕಾಡಿನ ಅಂಚಿನಲ್ಲಿ ಒಂದು ಮನೆ, ಕೂಗಳತೆಯ ದೂರದಲ್ಲಿ ಮತ್ತೊಂದು. ಅಂಗಳವನ್ನು ಇಳಿದರೆ ಗದ್ದೆ. ಜಗುಲಿಯ ಮೇಲೆ ಕುಳಿತ ಯಜಮಾನನಿಗೆ ತನ್ನ ಪೈರು ದಿನವೂ ಕಣ್ಣೆದುರಿನಲ್ಲಿಯೇ ಇರುವುದು. ಈ ನೆರೆಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಭೂಮಿಹುಣ್ಣಿಮೆಯ ಆಚಾರಗಳು ಅರ್ಥವಾಗುವುದು ಸುಲಭ. ಇಲ್ಲಿ ಭೂಮಿಯು ದೂರದ ದೇವತೆಯಲ್ಲ, ಮನೆಯಲ್ಲಿಯೇ ವಾಸಮಾಡುವ ಒಬ್ಬಳು.

ಬಂದ ಮೊದಲ ವರ್ಷದ ಅಕ್ಟೋಬರ್ ತಿಂಗಳಲ್ಲಿ ಒಂದು ದಿನ ತರಗತಿಯಲ್ಲಿ ಕೀಟ್ಸ್ ಕವಿಯ ಪದ್ಯವೊಂದನ್ನು ಪಾಠ ಹೇಳುತ್ತಿದ್ದೆವು. ಅವನು ೧೮೧೯ರಲ್ಲಿ ಬರೆದ ಶರತ್ಕಾಲದ ಪದ್ಯವದು. ಆಂಗ್ಲದೇಶದಲ್ಲಿ ಆ ಋತುವು ಮಾಗಿದ ಹಣ್ಣಿನ ಕಾಲ, ಕುಯ್ಲಿನ ಕಾಲ, ತುಂಬಿದ ಕಣಜದ ಕಾಲವೆಂದು ನಾವು ವಿವರಿಸಿದೆವು. ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ಹಿಂದೆಯೇ ಬಂದು, “ಸಾರ್, ನಮ್ಮ ಕಡೆ ಈ ಕಾಲದಲ್ಲಿ ಪೈರು ಮಾಗಿರೋದಿಲ್ಲ, ಬಸುರಾಗಿರುತ್ತದೆ. ಬರುವ ಹುಣ್ಣಿಮೆಗೆ ನಮ್ಮ ಮನೆಗೆ ಬನ್ನಿ, ನೋಡುವಿರಂತೆ” ಎಂದನು. ಪುಸ್ತಕದ ಋತುವನ್ನೇ ಕಣ್ಣಮುಂದಿನ ಋತುವೆಂದು ಭ್ರಮಿಸಿ ಪಾಠ ಹೇಳಿದುದಕ್ಕೆ ನಾವು ಒಳಗೊಳಗೇ ನಾಚಿ ಅವನ ಆಹ್ವಾನವನ್ನು ಒಪ್ಪಿಕೊಂಡೆವು.

ಶಿಷ್ಯನ ಮಾತು ಅಕ್ಷರಶಃ ನಿಜವಾಗಿತ್ತು. ಆಶ್ವಯುಜ ಶುದ್ಧ ಪೂರ್ಣಿಮೆಗೆ ಕನ್ನಡ ನಾಡಿನಲ್ಲೆಲ್ಲ ಸೀಗಿಹುಣ್ಣಿಮೆಯೆಂದು ಹೆಸರು. ಮುಂಗಾರಿನಲ್ಲಿ ನಾಟಿಮಾಡಿದ ಮಲೆನಾಡಿನ ಬತ್ತವು ಆ ವೇಳೆಗೆ ಹೊಡೆಗಟ್ಟಿರುವುದು. ಹೊಡೆಯೆಂದರೆ ತೆನೆಯು ಹೊರಗೆ ಕಾಣದೆ ಕಡೆಯ ಎಲೆಯ ಒರೆಯಲ್ಲಿ ಅಡಗಿ ದಂಟು ಉಬ್ಬಿರುವ ಸ್ಥಿತಿ. ಮೊದಲು ನಾಟಿಯಾದ ಗದ್ದೆಗಳಲ್ಲಿ ತೆನೆ ಹೊರಬಿದ್ದು ಕಾಳಿನಲ್ಲಿ ಹಾಲು ತುಂಬುತ್ತಿರುವುದೂ ಉಂಟು. ಸಸ್ಯಶಾಸ್ತ್ರಜ್ಞರು ಬತ್ತದ ಬಾಳನ್ನು ಮೂರು ಘಟ್ಟಗಳಾಗಿ ವಿಭಾಗಿಸುವರು. ಎಲೆ ಮತ್ತು ತೆಂಡೆಗಳು ಬೆಳೆಯುವುದು ಮೊದಲನೆಯದು. ತೆನೆಯ ಮೊಳಕೆ ದಂಟಿನೊಳಗೆ ಹುಟ್ಟಿ ಹೂವಾಗುವವರೆಗಿನ ಸುಮಾರು ೩೫ ದಿನಗಳದು ಎರಡನೆಯದು. ಹೂವಿನಿಂದ ಗಟ್ಟಿಕಾಳಿನವರೆಗಿನ ಸುಮಾರು ೩೦ ದಿನಗಳದು ಮೂರನೆಯದು. ಈ ಮೂರರಲ್ಲಿ ಎರಡನೆಯ ಘಟ್ಟವೇ ಅತ್ಯಂತ ಸೂಕ್ಷ್ಮವಾದುದು. ಆಗ ನೀರು ತಪ್ಪಿದರೆ ಕಾಳು ಜಳ್ಳಾಗಿ ಹೋಗುವುದು. ಆ ಮೇಲೆ ಎಷ್ಟು ನೀರು ಹರಿಸಿದರೂ ಆದ ನಷ್ಟವು ತುಂಬಿಬರುವುದಿಲ್ಲ. ಒಕ್ಕಲಿಗನಿಗೆ ಈ ವಿಚಾರವು ಪ್ರಯೋಗಶಾಲೆಯಿಂದ ತಿಳಿಯಬೇಕಾಗಿರಲಿಲ್ಲ. ಅವನು ಅದನ್ನು ತನ್ನ ಮನೆಯ ಮಾತಿನಲ್ಲಿಯೇ ಹೇಳಿದನು: ಭೂಮಿತಾಯಿ ಬಸುರಿ, ಅವಳ ಬಯಕೆಯನ್ನು ತೀರಿಸಬೇಕು. ತುಂಬಿದ ಬಸುರಿಗೆ ತವರಿನವರು ಬಗೆಬಗೆಯ ಅಡಿಗೆಮಾಡಿ ಬಡಿಸುವ ಬಯಕೆಯೂಟದ ಪದ್ಧತಿಯು ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಆ ಪದ್ಧತಿಯನ್ನೇ ಮಲೆನಾಡಿಗರು ಮಣ್ಣಿಗೂ ಪೈರಿಗೂ ವಿಸ್ತರಿಸಿದ್ದಾರೆ.

ಹಬ್ಬದ ಸಿದ್ಧತೆಯು ಮಹಾನವಮಿಯ ಹೊತ್ತಿಗೆ ಮೊದಲಾಗುವುದು. ಆಗ ಸಿದ್ಧವಾಗಬೇಕಾದದ್ದು ಭೂಮಣ್ಣಿ ಬುಟ್ಟಿ. ಬಿದಿರಿನಿಂದ ಹೆಣೆದ ದೊಡ್ಡದೊಂದು, ಚಿಕ್ಕದೊಂದು, ಹೀಗೆ ಎರಡು ಬುಟ್ಟಿಗಳಿಗೆ ಸೆಗಣಿಯನ್ನು ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣನ್ನು ಸಾರಿಸಿ, ನೆನೆಸಿ ಅರೆದ ಅಕ್ಕಿಯ ಬಿಳುಪಿನಿಂದ ಚಿತ್ತಾರ ಬರೆಯುವರು. ಕುಂಚವು ಪುಂಡಿಯ ನಾರಿನದು. ಹುರಿದು ಕರಿದಾಗಿಸಿದ ಅಕ್ಕಿಯಿಂದ ಕಪ್ಪನ್ನೂ, ಗುರಿಗೆ ಕಾಯಿಯಿಂದ ಹಳದಿಯನ್ನೂ ಪಡೆಯುವುದುಂಟು. ಸಾಗರ, ಹೊಸನಗರಗಳ ಕಡೆಯ ದೀವರ ಹೆಣ್ಣುಮಕ್ಕಳು ಈ ಕಲೆಯಲ್ಲಿ ಪ್ರಸಿದ್ಧರು. ಮದುವೆಯ ಮನೆಯ ಗೋಡೆಯ ಮೇಲೆ ಹಸೆಚಿತ್ತಾರವನ್ನು ಬರೆಯುವ ಕೈಗಳೇ ಈ ಬುಟ್ಟಿಯ ಮೇಲೂ ಆಡುವುವು. ಬತ್ತದ ತೆನೆ, ನೇಗಿಲು, ಎತ್ತು, ಏಣಿ, ಸಾಲಾಗಿ ನಿಂತ ಹೆಣ್ಣುಗಂಡುಗಳು, ಎಲ್ಲವೂ ನೇರವಾದ ಗೆರೆಗಳಲ್ಲಿ ಮೂಡುವುವು. ಚಿತ್ರಶಾಲೆಯ ಗೋಡೆಗಾಗಿ ಬರೆದ ಚಿತ್ರವಲ್ಲ ಅದು. ಅನ್ನವನ್ನು ಹೊತ್ತು ಗದ್ದೆಗೆ ಹೋಗಬೇಕಾದ ಪಾತ್ರೆಯ ಅಲಂಕಾರ.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನವೇ ನಾವು ಶಿಷ್ಯನ ಮನೆಯನ್ನು ತಲಪಿದೆವು. ಇಕ್ಕೇರಿಯಿಂದ ಕೆಲವು ಮೈಲಿಗಳ ಒಳಗಿನ ಹಳ್ಳಿ. ಮನೆಯಲ್ಲಿ ಗಂಡಸರೂ ಹೆಂಗಸರೂ ಮಕ್ಕಳೂ ಕೈಯಲ್ಲಿ ಬುಟ್ಟಿ ಹಿಡಿದು ಸೊಪ್ಪು ಕೊಯ್ಯಲು ಹೊರಟಿದ್ದರು. ಈ ಹಬ್ಬಕ್ಕೆ ಬೆರಕೆಸೊಪ್ಪು ಆಗಲೇಬೇಕು. ಕಾಡಿನ ಅಂಚು, ಗದ್ದೆಯ ಅಂಚು, ಬೇಲಿಯ ಸಾಲು, ಹಿತ್ತಿಲು, ಎಲ್ಲ ಕಡೆಯಿಂದಲೂ ತಿನ್ನಬಹುದಾದ ಕುಡಿಗಳನ್ನು ಚಿವುಟಿ ತರುವರು. ಎಣಿಕೆ ಕೇಳಿದರೆ ‘ನೂರೊಂದು ಕುಡಿ’ ಎನ್ನುವರು. ಒಂದೆಲಗ, ಹರಿವೆ, ಬಸಳೆ, ಹೊನಗೊನೆ, ಚಗಟೆ, ಕೆಸು, ಕುಂಬಳದ ಕುಡಿ ಇಷ್ಟರ ಹೆಸರು ನಮಗೂ ಗೊತ್ತಿತ್ತು. ಮುಂದಕ್ಕೆ ನಮ್ಮ ವಿದ್ಯೆ ನಡೆಯಲಿಲ್ಲ. ಮನೆಯ ಅಜ್ಜಿಯು ಮಾತ್ರ ಮುಂದೆ ಮುಂದೆ ನಡೆಯುತ್ತ, ಇದು ಬೇಕು, ಇದು ಬೇಡ, ಇದು ಬಾಣಂತಿಗೆ ಒಳ್ಳೆಯದು, ಇದು ನಂಜು, ಇದನ್ನು ಬೇಯಿಸಿ ನೀರು ಚೆಲ್ಲಬೇಕು ಎಂದು ಹೇಳುತ್ತ ಹೋದರು. ಎರಡು ಹುಲ್ಲುಗಳಂತೆ ನಮಗೆ ತೋರಿದ ಎರಡು ಗಿಡಗಳಲ್ಲಿ ಒಂದನ್ನು ಅವರು ಮಗುವಿನ ಕೈಯಿಂದ ಕಿತ್ತು ಎಸೆದರು. ಶಿಷ್ಯನಿಗೆ ಎಷ್ಟು ಹೆಸರು ಗೊತ್ತೆಂದು ಕೇಳಿದೆವು. ಅವನು ಬೆರಳು ಮಡಿಚುತ್ತ ಹದಿನೆಂಟಕ್ಕೆ ನಿಂತನು. ಅವನ ತಾಯಿ ನಲವತ್ತನ್ನು ಹೇಳಿದರು. ಅಜ್ಜಿಯನ್ನು ನಾವು ಕೇಳಲಿಲ್ಲ. ಅವರು ಎಣಿಸುವವರಲ್ಲ, ಬಲ್ಲವರು.

ಕತ್ತಲಾದ ಮೇಲೆ ಒಲೆಗಳು ಹತ್ತಿದವು. ಅಂದಿನ ರಾತ್ರಿ ಮನೆಯ ಹೆಂಗಸರಿಗೆ ನಿದ್ದೆಯಿಲ್ಲ. ಬಾಳೆಯೆಲೆಯ ಕೊಟ್ಟೆಗಳಿಗೆ ಹಿಟ್ಟು ಹುಯ್ದು ಹಬೆಯಲ್ಲಿ ಬೇಯಿಸುವ ಕೊಟ್ಟೆಕಡುಬು, ಸೌತೆಕಾಯಿಯ ಕಡುಬು, ಚೀನಿಕಾಯಿಯ ಕಡುಬು, ಹೋಳಿಗೆ, ಪಾಯಸ, ಚಿತ್ರಾನ್ನ, ಮೊಸರನ್ನ, ಹೀರೆಕಾಯಿ ಹಾಗಲಕಾಯಿಗಳ ಪಲ್ಯ, ಕೆಸುವಿನ ಗೊಜ್ಜು, ಬೆರಕೆಸೊಪ್ಪು, ಹೀಗೆ ಅಡಿಗೆಯು ಒಂದರ ಹಿಂದೆ ಒಂದು ಇಳಿಯುತ್ತಿದ್ದಿತು. ಅಮಟೆಕಾಯಿಯಂತೂ ಇಲ್ಲದಿರಲಾಗದು. ಬಸುರಿಗೆ ಹುಳಿಯ ಮೇಲೆ ಆಸೆಯೆಂಬುದು ಲೋಕರೂಢಿ. ಭೂಮಿತಾಯಿಗೂ ಹಾಗೆಯೇ ಎಂದು ಆ ಹೆಂಗಸರು ನಗುತ್ತ ಹೇಳಿದರು. ಮನೆಯಿಂದ ಮನೆಗೆ, ಜಾತಿಯಿಂದ ಜಾತಿಗೆ ಅಡಿಗೆಯ ಪಟ್ಟಿ ಸ್ವಲ್ಪ ಸ್ವಲ್ಪ ಬೇರೆಯಾಗುವುದು. ಆದರೆ ಆ ಋತುವಿನಲ್ಲಿ ಆ ನೆಲದಲ್ಲಿ ಸಿಕ್ಕುವುದೇ ಎಲ್ಲರ ಅಡಿಗೆಗೂ ಮೂಲ.

ನಮ್ಮ ತಪ್ಪು ನಡೆದದ್ದು ಆ ರಾತ್ರಿಯೇ. ಜಗುಲಿಯ ಮೇಲೆ ಮಲಗಿದ್ದ ನಮಗೆ ಎರಡನೆಯ ಜಾವದಲ್ಲಿ ಬೆಂದ ಬಾಳೆಯೆಲೆಯ ಪರಿಮಳದಿಂದ ಎಚ್ಚರವಾಯಿತು. ಹೊರಗೆ ಚಳಿ. ಒಳಗಿನಿಂದ ಮಾತು, ನಗು, ಬಳೆಯ ಸದ್ದು. ಅತಿಥಿಗಳೆಂಬ ಸಲಿಗೆಯಿಂದ ಅಡಿಗೆಮನೆಯ ಬಾಗಿಲಿನವರೆಗೆ ಹೋಗಿ, “ಬಿಸಿ ಕಡುಬು ಒಂದನ್ನು ರುಚಿ ನೋಡಬಹುದೇ?” ಎಂದು ಕೇಳಿದೆವು. ನಗು ನಿಂತಿತು. ಶಿಷ್ಯನ ತಾಯಿ ಸೌಟನ್ನು ಹಿಡಿದುಕೊಂಡೇ ಅತ್ತೆಯ ಮುಖವನ್ನು ನೋಡಿದರು. ಅತಿಥಿಗೆ ಇಲ್ಲವೆನ್ನಬಾರದು, ಹೌದೆನ್ನಲೂ ಬಾರದು. ಕೊನೆಗೆ ಅಜ್ಜಿಯೇ ಒಲೆಯ ಮುಂದಿನಿಂದ ತಿರುಗಿ, ಕೋಪವಿಲ್ಲದೆ, ಚಿಕ್ಕ ಹುಡುಗನಿಗೆ ಹೇಳುವಂತೆ ಹೇಳಿದರು: “ಮೇಷ್ಟ್ರೇ, ಮನೇಲಿ ಬಸುರಿ ಹೆಂಗಸು ಹಸಿದು ಕೂತಿರುವಾಗ ಮೊದಲು ಉಣ್ಣೋರು ಯಾರು? ಅವಳು ಉಣ್ಣಲಿ. ಆಮೇಲೆ ನಿಮಗೇ ಮೊದಲು.”

ನಾವು ಹಿಂದಿರುಗಿ ಬಂದು ಕಂಬಳಿಯನ್ನು ಹೊದೆದುಕೊಂಡೆವು. ನಿದ್ದೆ ಮಾತ್ರ ಬರಲಿಲ್ಲ. ಮಾಡಿದ ಅಡಿಗೆಯ ಉಪ್ಪನ್ನು ಸಹ ಆ ಹೆಂಗಸರು ನಾಲಗೆಯ ಮೇಲೆ ಇಟ್ಟು ನೋಡಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ದೇವರ ನೈವೇದ್ಯವಾಗುವ ತನಕ ಉಣ್ಣಬಾರದೆಂಬ ನಿಯಮವನ್ನು ನಾವೂ ಬಲ್ಲೆವು. ಅದು ಮಡಿಯ ಮಾತು, ಶಾಸ್ತ್ರದ ಮಾತು ಎಂದು ನಾವು ಎಣಿಸಿದ್ದೆವು. ಇಲ್ಲಿ ಅಜ್ಜಿಯು ಮಡಿಯ ಹೆಸರನ್ನೇ ಎತ್ತಲಿಲ್ಲ. ಹಸಿದವಳೊಬ್ಬಳಿದ್ದಾಳೆ, ಅವಳ ಹಸಿವು ನಮ್ಮೆಲ್ಲರ ಹಸಿವಿಗಿಂತ ದೊಡ್ಡದು ಎಂದರು. ನೈವೇದ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸವು ಅಲ್ಪವಾದುದಲ್ಲ.

ಬೆಳ್ಳಿ ಮೂಡುವ ಹೊತ್ತಿಗೆ ಯಜಮಾನನು ಎದ್ದು ಸಿದ್ಧನಾದನು. ಬೆರಕೆಸೊಪ್ಪು, ತರಕಾರಿ, ಅನ್ನಗಳನ್ನು ಕಲಸಿದ ಹಚ್ಚಂಬಲಿಯನ್ನು ಚಿಕ್ಕ ಬುಟ್ಟಿಯಲ್ಲಿ ತುಂಬಿಕೊಂಡು, ಒಬ್ಬನು ದೊಂದಿಯನ್ನು ಹಿಡಿಯಲು, ಗದ್ದೆಯಿಂದ ಗದ್ದೆಗೆ ನಡೆಯುತ್ತ ಅದನ್ನು ಬೀರುತ್ತ ಹೋದನು. ಬೀರುವಾಗ, ಬೇಲಿಯ ಹೀರೆಕಾಯಿಯಿಂದ ಗುಡ್ಡದ ಕುಡಿಯವರೆಗೆ ತಂದ ಪದಾರ್ಥಗಳ ಹೆಸರು ಹೇಳಿ, ಭೂಮಿತಾಯಿ ಬಂದು ಉಣ್ಣಲೆಂದು ಕೂಗಿ ಕರೆಯುವ ವಾಡಿಕೆಯುಂಟು. ನಮ್ಮ ಬೈಲಿನ ಕೂಗು ಮುಗಿಯುತ್ತಲೇ ಆಚೆಯ ಬೈಲಿನಿಂದ ಒಂದು, ಗುಡ್ಡದ ಹಿಂದಿನಿಂದ ಇನ್ನೊಂದು ಕೇಳಿಬಂದಿತು. ಬೆಳದಿಂಗಳು ಇನ್ನೂ ಮಾಸಿರಲಿಲ್ಲ. ಮಂಜಿನೊಳಗೆ ದೊಂದಿಯ ಬೆಳಕುಗಳು ಅಲ್ಲಲ್ಲಿ ಚಲಿಸುತ್ತಿದ್ದವು.

ಹೊತ್ತು ಮೂಡಿದ ಮೇಲೆ ಮನೆಯವರೆಲ್ಲರೂ ದೊಡ್ಡ ಬುಟ್ಟಿಯಲ್ಲಿ ಅಡಿಗೆಯನ್ನು ಹೊತ್ತು ಗದ್ದೆಗೆ ಇಳಿದರು. ಚೆನ್ನಾಗಿ ಬೆಳೆದ ಒಂದು ಬುಡವನ್ನು ಆರಿಸಿ, ಬಾಳೆಯ ಕಂದು ಮಾವಿನ ತೋರಣಗಳಿಂದ ಅಲಂಕರಿಸಿ, ಅರಿಸಿನ ಕುಂಕುಮವನ್ನಿಟ್ಟರು. ಶಿಷ್ಯನ ತಾಯಿ ತಮ್ಮ ಕೊರಳಿನ ಸರವನ್ನು ತೆಗೆದು ಪೈರಿಗೆ ತೊಡಿಸಿದರು. ಅದನ್ನು ಕಂಡು ನಮಗೆ ಗಂಟಲು ಕಟ್ಟಿತು. ಮನೆಯಲ್ಲಿದ್ದ ಚಿನ್ನವು ಅಷ್ಟೇ. ಅದು ಆ ಮುಂಜಾನೆ ಒಂದು ಹಿಡಿ ಪೈರಿನ ಮೇಲೆ ಇದ್ದಿತು. ಪೂಜೆಯಾದ ಮೇಲೆ ಎಡೆಗಳನ್ನು ಹಾಕಿದರು. ಭೂಮಿಗೆ ಒಂದು, ಕಾಗೆಗೆ ಒಂದು, ಇಲಿಗೆ ಒಂದು. ಬತ್ತವನ್ನು ಕದ್ದೊಯ್ಯುವ ಇಲಿಗೆ ಎಡೆಯೇಕೆಂದು ಕೇಳಿದೆವು. ಅದೂ ಈ ಗದ್ದೆಯದೇ ಅಲ್ಲವೇ ಎಂದು ಯಜಮಾನನು ಮರುಪ್ರಶ್ನೆ ಮಾಡಿದನು. ಆ ಮೇಲೆ ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂಳಿದರು. ಇಷ್ಟೆಲ್ಲ ಆದ ತರುವಾಯ ಗದ್ದೆಯ ಅಂಚಿನಲ್ಲಿಯೇ ಸಾಲಾಗಿ ಎಲೆ ಹಾಕಿದರು. ಅಜ್ಜಿಯು ಮಾತಿಗೆ ತಪ್ಪಲಿಲ್ಲ. ಮೊದಲನೆಯ ಕಡುಬು ನಮ್ಮ ಎಲೆಗೇ ಬಿದ್ದಿತು. ಅದು ತಣ್ಣಗಾಗಿದ್ದಿತು. ಅದರಷ್ಟು ರುಚಿಯಾದ ಕಡುಬನ್ನು ಮತ್ತೆ ನಾವು ಉಂಡಿಲ್ಲ.

ಇಂಥ ಹಬ್ಬಕ್ಕೆ ನೆಂಟರಿಲ್ಲದೆ ಇಲ್ಲ. ಉತ್ತರ ಕರ್ನಾಟಕದ ರೈತರು ಸೀಗಿಹುಣ್ಣಿಮೆಯಲ್ಲಿಯೂ ಎಳ್ಳಮಾವಾಸ್ಯೆಯಲ್ಲಿಯೂ ಚಕ್ಕಡಿ ಹೂಡಿಕೊಂಡು ಬುತ್ತಿಯೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುವರು. ಘಟ್ಟದ ಕೆಳಗೆ ತುಳುನಾಡಿನಲ್ಲಿ ಫೆಬ್ರವರಿ ತಿಂಗಳಲ್ಲಿ ಬರುವ ಕೆಡ್ಡಸದ ಮೂರು ದಿನ ಭೂಮಿಯು ಋತುಮತಿಯಾಗಿರುವಳೆಂದು ಭಾವಿಸಿ ನೆಲವನ್ನು ಉಳರು, ಅಗೆಯರು. ಪ್ರಾಚೀನ ರೋಮನರು ಏಪ್ರಿಲ್ ೧೫ರಂದು ಟೆಲ್ಲಸ್ ಎಂಬ ಭೂದೇವತೆಗೆ ಗಬ್ಬದ ಹಸುವನ್ನು ಬಲಿಕೊಡುತ್ತಿದ್ದರು. ಭೂಮಿಯು ಹೆಣ್ಣು, ಅವಳಿಗೂ ಮೈನೆರೆಯುವುದು ಬಸುರಾಗುವುದು ಉಂಟು ಎಂಬ ಭಾವನೆಯು ಒಂದೇ ನಾಡಿನ ಸ್ವತ್ತಲ್ಲ.

ಆದರೆ ಲೋಕದಲ್ಲಿ ಹೆಚ್ಚಾಗಿ ಹೆಸರಾದ ಅನ್ನದ ಹಬ್ಬಗಳನ್ನು ನೋಡಿದರೆ ಒಂದು ಭೇದವು ಎದ್ದು ಕಾಣುವುದು. ಅಮೆರಿಕದವರ ಕೃತಜ್ಞತಾದಿನವನ್ನು ತೆಗೆದುಕೊಳ್ಳೋಣ. ೧೬೨೧ರಲ್ಲಿ ಪ್ಲಿಮತ್ತಿನಲ್ಲಿ ನೆಲಸಿದ ಆಂಗ್ಲ ವಲಸೆಗಾರರು, ಆ ನೆಲದ ಮೂಲನಿವಾಸಿಗಳಾದ ವಾಂಪನೋಗ್ ಜನರೊಡನೆ ಕುಳಿತು ಸುಗ್ಗಿಯ ಊಟ ಮಾಡಿದರೆಂಬುದು ಅದರ ಹಿನ್ನೆಲೆ. ೧೮೬೩ರಲ್ಲಿ ಅಧ್ಯಕ್ಷ ಲಿಂಕನ್ ಅದನ್ನು ಇಡೀ ರಾಷ್ಟ್ರಕ್ಕೆ ಘೋಷಿಸಿದನು; ೧೯೪೧ರ ಕಾನೂನಿನಿಂದ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರವು ಅದಕ್ಕೆ ಗೊತ್ತಾಯಿತು. ನಮ್ಮ ನೆರೆಯ ಕೊಡಗಿನ ಹುತ್ತರಿಯೂ ಹೊಸ ಕದಿರನ್ನು ಮನೆಗೆ ತರುವ ಹಬ್ಬವೇ. ಇವುಗಳಲ್ಲಿ ಫಲವು ಕೈಗೆ ಬಂದಿದೆ. ಬಂದುದಕ್ಕಾಗಿ ಮನುಷ್ಯನು ಕೃತಜ್ಞನಾಗಿದ್ದಾನೆ, ಸಂತೋಷದಿಂದ ಉಣ್ಣುತ್ತಾನೆ. ಭೂಮಿಹುಣ್ಣಿಮೆಯಲ್ಲಿ ಫಲವು ಇನ್ನೂ ಕೈಗೆ ಬಂದಿಲ್ಲ. ತೆನೆಯು ಒರೆಯೊಳಗಿದೆ. ಮಳೆ ಕೈಕೊಡಬಹುದು, ರೋಗ ತಗಲಬಹುದು, ಕಾಡುಹಂದಿ ನುಗ್ಗಬಹುದು. ಹಿಂದಿನ ವರ್ಷದ ಕಣಜವೂ ತಳ ಕಾಣುತ್ತಿರುವ ಕಾಲವದು. ಅಂಥ ಹೊತ್ತಿನಲ್ಲಿ ಮನೆಯಲ್ಲಿರುವ ಒಳ್ಳೆಯದನ್ನೆಲ್ಲ ಬೇಯಿಸಿ ಮೊದಲು ಮಣ್ಣಿಗೆ ಬಡಿಸುವರು. ಪಡೆದದ್ದಕ್ಕೆ ವಂದನೆಯಲ್ಲ ಇದು, ಹೊತ್ತವಳಿಗೆ ಆರೈಕೆ. ವಂದನೆಯನ್ನು ಫಲ ಕಂಡ ಮೇಲೆ ಸಲ್ಲಿಸಬಹುದು. ಆರೈಕೆಯನ್ನು ಫಲ ಕಾಣುವುದಕ್ಕೆ ಮುಂಚೆಯೇ ಮಾಡಬೇಕು.

ಆ ಆರೈಕೆಯ ಬೆಲೆಯನ್ನು ತಿಳಿಯಲು ಅದನ್ನು ಮಾಡುತ್ತಿದ್ದವರ ಸ್ಥಿತಿಯನ್ನೂ ನೆನೆಯಬೇಕು. ನಾವು ಹೋಗಿದ್ದ ಮನೆಯವರು ಹಿಂದೆ ಗೇಣಿದಾರರು. ಅಜ್ಜಿಯು ಸೊಸೆಯಾಗಿ ಬಂದ ಕಾಲದಲ್ಲಿ ಆ ಗದ್ದೆಯು ಅವರದಾಗಿರಲಿಲ್ಲ. ಬೆಳೆದ ಬತ್ತದಲ್ಲಿ ಬಹುಪಾಲು ಒಡೆಯರ ಕಣಜಕ್ಕೆ ಹೋಗುತ್ತಿದ್ದಿತು. ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಗಾತ್ರವನ್ನು ಕುರಿತ ವಿವಾದದಿಂದ ಬೆಳೆದು, ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರ ಸತ್ಯಾಗ್ರಹವು ನಡೆಯಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. ಉಳುವವನು ನೆಲದ ಒಡೆಯನಾಗಲು ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹೊಲವು ಪರರದಾಗಿದ್ದ ಆ ವರ್ಷಗಳಲ್ಲಿಯೂ ಹಬ್ಬ ನಡೆಯುತ್ತಿದ್ದಿತೇ ಎಂದು ನಾವು ಅಜ್ಜಿಯನ್ನು ಕೇಳಿದೆವು. “ಗದ್ದೆ ಅವರದು. ತಾಯಿ ನಮ್ಮವಳಲ್ವಾ?” ಎಂದರು. ಭೂಮಿಯ ಒಡೆತನವನ್ನು ಕುರಿತು ಇಂಗ್ಲಿಷ್ ಗ್ರಂಥಗಳಲ್ಲಿ ನಾವು ಓದಿದ ಅನೇಕ ಪುಟಗಳು ಆ ಉತ್ತರದ ಮುಂದೆ ತೆಳುವಾಗಿ ತೋರಿದವು.

ಒಡೆಯನಿಂದ ಉಳಿದ ನೆಲವು ನೀರಿಗೆ ಹೋದದ್ದೂ ಉಂಟು. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಪೂರ್ಣವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಿದವು. ನಾಡಿಗೆಲ್ಲ ವಿದ್ಯುತ್ತು ದೊರೆಯಿತು. ಗದ್ದೆಯ ಅಂಚಿನಲ್ಲಿ ಎಡೆ ಹಾಕುತ್ತಿದ್ದ ಕುಟುಂಬಗಳು ಬೇರೆ ಕಡೆಯ ಕಾಡನ್ನು ಕಡಿದು ಹೊಸದಾಗಿ ಬಾಳನ್ನು ಕಟ್ಟಿಕೊಳ್ಳಬೇಕಾಯಿತು. ನಾವು ಹೊಸಬರೆಂದು ಪೇಚಾಡಿದ್ದು ಒಂದು ಕಡುಬಿನ ವಿಷಯದಲ್ಲಿ. ಅವರು ಹೊಸ ನೆಲದಲ್ಲಿ ಯಾವ ಗಿಡ ತಿನ್ನಬಹುದು, ಯಾವುದು ಬಾರದು ಎಂಬುದನ್ನೇ ಮೊದಲಿನಿಂದ ನೋಡಿಕೊಳ್ಳಬೇಕಾಗಿದ್ದಿತು.

ಈಗಲೂ ಹಬ್ಬವು ನಡೆಯುತ್ತಿರುವುದು. ಅಡಕೆಯ ತೋಟವುಳ್ಳವರು ತೋಟದಲ್ಲಿಯೂ ಪೂಜೆ ಸಲ್ಲಿಸುವರು. ಆದರೆ ಮೂರು ತಾಲ್ಲೂಕುಗಳಲ್ಲಿಯೂ ಬತ್ತದ ಗದ್ದೆಗಳು ಅಡಕೆಯ ತೋಟಗಳಾಗುತ್ತಿರುವುದನ್ನು ದಾರಿಹೋಕನೂ ಕಾಣಬಹುದು. ಬತ್ತದಿಂದ ಕೂಲಿಯೂ ಹುಟ್ಟದೆಂಬ ರೈತನ ಮಾತಿಗೆ ಪಟ್ಟಣದಲ್ಲಿ ಸಂಬಳ ಎಣಿಸುವ ನಾವು ಎದುರು ಹೇಳಲಾರೆವು. ನಮ್ಮ ಚಿಂತೆಯು ಮತ್ತೊಂದು. ಬಸುರಾದ ಪೈರೇ ಇಲ್ಲದ ಕಡೆ ಬಯಕೆಯ ಮಾತು ಮಕ್ಕಳಿಗೆ ಹೇಗೆ ಅರ್ಥವಾಗಬೇಕು? ಕಳೆನಾಶಕವನ್ನು ಸಿಂಪಡಿಸಿದ ಅಂಚಿನಲ್ಲಿ ಒಂದೆಲಗವು ಸಿಕ್ಕುವುದಿಲ್ಲ. ಸೊಪ್ಪು ಸಿಕ್ಕದಿದ್ದರೆ ಸೊಪ್ಪಿನ ಹೆಸರು ಉಳಿಯದು. ಹೆಸರು ಉಳಿಯದಿದ್ದರೆ ಇದು ಬಾಣಂತಿಗೆ, ಇದು ನಂಜು ಎಂಬ ವಿವೇಕವೂ ಉಳಿಯದು. ಆ ಮನೆಯಲ್ಲಿ ಅಜ್ಜಿಯಿಂದ ಸೊಸೆಗೆ, ಸೊಸೆಯಿಂದ ಮೊಮ್ಮಗನಿಗೆ ಬರುವ ಹೊತ್ತಿಗೆ ನೂರೊಂದು ಕುಡಿಯು ಹದಿನೆಂಟಾಗಿದ್ದುದನ್ನು ನಾವು ಕಣ್ಣಾರೆ ಕಂಡೆವು. ಪುಸ್ತಕದಲ್ಲಿ ಬರೆದಿಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಬರೆದಿಡುವುದು ಒಳ್ಳೆಯದೇ. ಆದರೆ ಎರಡು ಹುಲ್ಲುಗಳಲ್ಲಿ ಒಂದನ್ನು ಮಗುವಿನ ಕೈಯಿಂದ ಕಿತ್ತು ಎಸೆಯಬಲ್ಲ ಪುಸ್ತಕವು ಇನ್ನೂ ಅಚ್ಚಾಗಿಲ್ಲ. ವರ್ಷಕ್ಕೆ ಒಂದು ಮಧ್ಯಾಹ್ನ ಮೂರು ತಲೆಮಾರಿನವರು ಒಟ್ಟಾಗಿ ಗುಡ್ಡದ ಅಂಚಿನಲ್ಲಿ ನಡೆಯುವಂತೆ ಮಾಡುವ ಶಕ್ತಿಯು ಈ ಹಬ್ಬಕ್ಕೆ ಇರುವುದು.

ಆದಕಾರಣ ಮಲೆನಾಡಿಗೆ ಹೊಸದಾಗಿ ಬರುವ ಉಪಾಧ್ಯಾಯರಿಗೂ ಅಧಿಕಾರಿಗಳಿಗೂ ವ್ಯಾಪಾರಿಗಳಿಗೂ ನಮ್ಮದೊಂದು ವಿಜ್ಞಾಪನೆ. ಸೀಗಿಹುಣ್ಣಿಮೆಗೆ ಯಾರಾದರೂ ಕರೆದರೆ ತಪ್ಪದೆ ಹೋಗಿರಿ. ಬೆಳಗಿನ ಊಟದ ವೇಳೆಗಲ್ಲ, ಹಿಂದಿನ ದಿನ ಸೊಪ್ಪು ಕೊಯ್ಯುವ ವೇಳೆಗೆ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಗಿಡಗಳ ಹೆಸರನ್ನು ಕೇಳಿರಿ. ಕೇಳುವವರಿದ್ದ ಕಡೆ ಹೇಳುವವರು ಮರೆಯುವುದಿಲ್ಲ. ಒಲೆಯ ಹತ್ತಿರ ಹೋಗಿ ಕಡುಬನ್ನು ಮಾತ್ರ ಕೇಳಬೇಡಿರಿ.

ಮರುವರ್ಷ ನಾವು ಸಂಸಾರಸಮೇತರಾಗಿ ಅದೇ ಮನೆಗೆ ಹೋದೆವು. ಅಜ್ಜಿಯ ಕಾಲು ಸೋತಿದ್ದುದರಿಂದ ಅವರು ಜಗುಲಿಯ ಮೇಲೆಯೇ ಕುಳಿತು, ನಾವು ತಂದ ಬುಟ್ಟಿಗಳನ್ನು ತಮ್ಮ ಮುಂದೆ ಸುರಿಸಿಕೊಂಡು ಆರಿಸಿದರು. ನಾವು ನಮ್ಮ ಕೈಯಾರೆ ಕೊಯ್ದು ತಂದಿದ್ದ ಇಪ್ಪತ್ತೊಂದು ಬಗೆಯ ಕುಡಿಗಳಲ್ಲಿ ಅವರು ನಾಲ್ಕನ್ನು ಅಂಗಳಕ್ಕೆ ಎಸೆದು ಹದಿನೇಳನ್ನು ಹೆಸರು ಹೇಳಿ ಇಟ್ಟುಕೊಂಡರು. ಶಿಷ್ಯನು ಆ ವರ್ಷ ಇಪ್ಪತ್ತಾರನ್ನು ಮುಟ್ಟಿದ್ದನು. ಬಯಲುಸೀಮೆಯ ನಮ್ಮ ಹದಿನೇಳು ಆ ರಾತ್ರಿ ಅವನ ಇಪ್ಪತ್ತಾರರೊಡನೆ ಒಂದೇ ಪಾತ್ರೆಯಲ್ಲಿ ಬೆಂದು ಮರುದಿನ ಮುಂಜಾನೆ ಗದ್ದೆಯನ್ನು ಸೇರಿತು. ಇಷ್ಟನ್ನು ಅರಿಕೆಮಾಡಿ ವಿರಮಿಸುವೆವು.